ಹಳೆ ಕಾರಿನ ಸರ್ವೀಸ್: ಯಾವ ಕೆಲಸ ನಿಮಗೆ, ಯಾವ ಕೆಲಸ ಮೆಕ್ಯಾನಿಕ್‌ಗೆ

ಹಳೆ ಕಾರನ್ನು ಮನೆಯಲ್ಲೇ ಸರ್ವೀಸ್ ಮಾಡಲು ಹೊರಟವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಟೂಲ್ ಬಾಕ್ಸ್ ಕೊಳ್ಳುತ್ತಾರೆ. ಆಮೇಲೆ ಒಂದು ವಿಡಿಯೋ ನೋಡಿ ಆಯಿಲ್ ಇಳಿಸುತ್ತಾರೆ. ಕಾರಿನ ಸ್ಥಿತಿ ಹೇಗಿದೆ ಅಂತ ನೋಡುವುದು ಕೊನೆಗೆ. ಅಷ್ಟರಲ್ಲಿ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ಥ್ರೆಡ್ ಹೋಗಿ, ಭಾನುವಾರ ಸಂಜೆ ಕಾರು ಅಲ್ಲಾಡದೆ ನಿಂತಿರುತ್ತದೆ.

'ಈ ಕಾರನ್ನು ನಾನೇ ಸರ್ವೀಸ್ ಮಾಡಿಕೊಳ್ಳಲಾ?' ಅಂದರೆ ಯಾರೂ ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ. ಅದೇ ಪ್ರಶ್ನೆಯನ್ನು ಒಂದೊಂದು ಕೆಲಸಕ್ಕೂ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಏರ್ ಫಿಲ್ಟರ್‌ಗೆ ಬರುವ ಉತ್ತರ ಬ್ರೇಕ್‌ಗೆ ಬರುವುದಿಲ್ಲ. ಕೆಳಗಿನ ಹಂತಗಳು ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಆಲ್ಟೋ, ವ್ಯಾಗನ್ ಆರ್, ಸ್ಯಾಂಟ್ರೋ, ಐ10, ಹಳೆ ಸ್ವಿಫ್ಟ್ ಥರದವು. ಇವುಗಳ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ಬಾನೆಟ್ ಒಳಗೆ ಕೈ ಹೋಗುವಷ್ಟು ಜಾಗವೂ ಇರುತ್ತದೆ.

ಹಂತಗಳ ಕ್ರಮ ಬದಲಿಸಬೇಡಿ. ಮೊದಲ ನಾಲ್ಕು ಹಂತ ಮುಗಿಯುವವರೆಗೆ ಒಂದು ಸ್ಪ್ಯಾನರ್ ಕೂಡ ಬೇಕಾಗಿಲ್ಲ.

## ಹಂತ 1: ಕಾಗದಪತ್ರ ತೆಗೆಯಿರಿ

ಮೂರು ಕಾಗದ ಬೇಕು: ಓನರ್ಸ್ ಮ್ಯಾನುಯಲ್, ಸರ್ವೀಸ್ ಬುಕ್ ಅಥವಾ ಹಳೆ ಬಿಲ್‌ಗಳು, ಆರ್‌ಸಿ.

ಮ್ಯಾನುಯಲ್‌ನಲ್ಲಿ ಆಯಿಲ್ ಗ್ರೇಡ್, ಎಷ್ಟು ಲೀಟರ್, ಟೈರ್ ಗಾಳಿ ಎಷ್ಟು, ಯಾವುದನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅನ್ನುವುದೆಲ್ಲ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಪುಸ್ತಕ ಸಿಗದಿದ್ದರೆ ಕಂಪನಿ ವೆಬ್‌ಸೈಟಿನಲ್ಲಿ ಹುಡುಕಿ. ಇಂಜಿನ್ ಹೆಸರು ಸರಿಯಾಗಿ ಹೊಂದಬೇಕು, ಕಾರಿನ ಹೆಸರು ಒಂದೇ ಇದ್ದರೆ ಸಾಲದು. ಉದಾಹರಣೆಗೆ ಐ10ರ 1.1 ಲೀಟರ್ ಇಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಪಟ್ಟಿ) ಇದೆ, 1.2 ಕಪ್ಪಾ ಇಂಜಿನ್‌ನಲ್ಲಿ ಚೈನ್ ಇದೆ. ಹಳೆ ಆಲ್ಟೋದ 796 ಸಿಸಿ ಇಂಜಿನ್‌ನಲ್ಲಿ ಬೆಲ್ಟ್, ವ್ಯಾಗನ್ ಆರ್‌ಗೆ 2010ರಲ್ಲಿ ಬಂದ ಕೆ ಸೀರೀಸ್ ಇಂಜಿನ್‌ನಲ್ಲಿ ಚೈನ್.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಬೆಲ್ಟ್ ರಬ್ಬರಿನದು, ಅದಕ್ಕೆ ಆಯಸ್ಸು ಇದೆ. ಕೊನೆಯ ಸಲ ಯಾವಾಗ ಬದಲಾಯಿತು ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಅಂತಲೇ ತಿಳಿಯಿರಿ. ಓಡುವಾಗ ಬೆಲ್ಟ್ ತುಂಡಾದರೆ ಇಂಜಿನ್ ಅಲ್ಲೇ ನಿಲ್ಲುತ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ, ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಬೇಕಾಗುತ್ತದೆ. ಇಂಥ ಕಾರಿಗೆ ಮೊದಲ ಖರ್ಚು ಆ ಬೆಲ್ಟ್, ಅದೂ ಮೆಕ್ಯಾನಿಕ್ ಕೈಯಲ್ಲಿ. ಆಯಿಲ್ ಚೇಂಜ್ ಆಮೇಲೆ.

ಆರ್‌ಸಿಯಲ್ಲಿ ನೋಂದಣಿ ದಿನಾಂಕ ನೋಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೆ ನವೀಕರಿಸಬೇಕು. ಕರ್ನಾಟಕದಲ್ಲಿ ಗ್ರೀನ್ ಟ್ಯಾಕ್ಸ್ ಕೂಡ ಕಟ್ಟಬೇಕು. ಆ ದಿನ ಹತ್ತಿರ ಇದ್ದರೆ ದುಡ್ಡು ಮೊದಲು ಬ್ರೇಕ್, ಲೈಟ್, ಟೈರ್, ಹೊಗೆ ಇವುಗಳಿಗೆ ಹೋಗಲಿ.

## ಹಂತ 2: ಬೆಳಿಗ್ಗೆ ತಣ್ಣಗಿನ ಇಂಜಿನ್ ನೋಡಿ

ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡಬೇಕು. ನೆಲ ಸಮತಟ್ಟಾಗಿರಲಿ. ಕೈಯಲ್ಲಿ ಟಾರ್ಚು, ಹಳೆ ಬಟ್ಟೆ, ಬರೆದುಕೊಳ್ಳಲು ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿ. ಹಿಂದಿನ ರಾತ್ರಿಯೇ ಒಂದು ರಟ್ಟು ಹಾಸಿಟ್ಟಿದ್ದರೆ ಸೋರಿಕೆ ಸ್ಪಷ್ಟವಾಗಿ ಕಾಣುತ್ತದೆ. ಕಪ್ಪು ಅಥವಾ ಕಂದು ಜಿಡ್ಡು ಇದ್ದರೆ ಆಯಿಲ್. ಹಸಿರು, ಕೆಂಪು ಅಥವಾ ನೀಲಿ ಬಣ್ಣದ ತೆಳು ನೀರು ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ. ಚಕ್ರದ ಒಳಬದಿಯಲ್ಲಿ ಪಸೆ ಇದ್ದರೆ ಅದು ಬ್ರೇಕ್ ಆಯಿಲ್ ಆಗಿರಬಹುದು. ಹಾಗಿದ್ದರೆ ಕಾರು ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.

ಈಗ ಬಾನೆಟ್ ಎತ್ತಿ. ಆಯಿಲ್ ಮಟ್ಟ ಅಳೆಯುವ ಡಿಪ್ ಸ್ಟಿಕ್ ಎಳೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆಯಿರಿ. ಗುರುತು ಎಲ್ಲಿದೆ ಅಂತ ಬರೆದುಕೊಳ್ಳಿ. ಆಯಿಲ್ ಕಪ್ಪಗಿದೆ ಅಂದ ಮಾತ್ರಕ್ಕೆ ಕೆಟ್ಟಿದೆ ಅಂತ ಅಲ್ಲ. ಆದರೆ ಡಿಪ್ ಸ್ಟಿಕ್ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಕೂಲೆಂಟ್ ಆಯಿಲ್‌ಗೆ ಸೇರುತ್ತಿರಬಹುದು. ಅದು ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದು ಡಿಪ್ ಸ್ಟಿಕ್ ಶುದ್ಧವಾಗಿದ್ದರೆ ಗಾಬರಿ ಬೇಡ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವ ಹಾಗೆ ಸೇರುತ್ತದೆ.

ಕೂಲೆಂಟ್ ಬಾಟಲಿಯ ಮಟ್ಟ ನೋಡಿ. ರೇಡಿಯೇಟರ್ ಮುಚ್ಚಳವನ್ನು ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ತೆಗೆಯಬೇಕು. ಬಿಸಿ ಇರುವಾಗ ತೆಗೆದರೆ ಒತ್ತಡದಲ್ಲಿರುವ ಕುದಿನೀರು ನೇರ ಮುಖಕ್ಕೆ ಚಿಮ್ಮುತ್ತದೆ. ಒಳಗೆ ತುಕ್ಕು ಬಣ್ಣದ ನೀರು ಇದ್ದರೆ ಯಾರೋ ವರ್ಷಗಟ್ಟಲೆ ನಲ್ಲಿ ನೀರು ತುಂಬಿಸಿದ್ದಾರೆ ಅಂತ ಅರ್ಥ.

ಬ್ರೇಕ್ ಆಯಿಲ್ ಮಟ್ಟ ಕಡಿಮೆ ಇದ್ದರೆ ಸುಮ್ನೆ ತುಂಬಿಸಿ ಮರೆತುಬಿಡಬೇಡಿ. ಬ್ರೇಕ್ ಪ್ಯಾಡ್ ಸವೆದಿರುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ಎರಡರಲ್ಲಿ ಯಾವುದು ಅಂತ ಗೊತ್ತಾಗಲೇಬೇಕು.

ರಬ್ಬರ್ ಹೋಸ್‌ಗಳನ್ನು ಬೆರಳಲ್ಲಿ ಒತ್ತಿ. ಒತ್ತಿದಾಗ ಸಣ್ಣ ಬಿರುಕು ಬಾಯಿ ಬಿಟ್ಟರೆ ಅಥವಾ ಹೋಸ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬದಲಿಸಬೇಕು. ವೈರ್‌ಗಳ ಮೇಲೆ ಇಲಿ ಕಚ್ಚಿದ ಗುರುತು ಇದೆಯಾ ನೋಡಿ. ಮಲೆನಾಡಿನಲ್ಲಿ, ತೋಟದ ಮನೆಗಳಲ್ಲಿ ಇದು ನಿತ್ಯದ ಕಥೆ. ಕರಾವಳಿಯ ಕಾರಾದರೆ ಕೆಳಗಿನ ಬೋಲ್ಟ್‌ಗಳ ತುಕ್ಕು ಜಾಸ್ತಿ ಗಮನಿಸಿ. ಉಪ್ಪು ಗಾಳಿಗೆ ಹಿಡಿದುಕೊಂಡ ಬೋಲ್ಟ್ ಒಂದಿದ್ದರೆ ಅರ್ಧ ಗಂಟೆಯ ಕೆಲಸ ಅರ್ಧ ದಿನದ್ದಾಗುತ್ತದೆ.

ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ತೋಡುಗಳ ನಡುವಿನ ಸಣ್ಣ ಉಬ್ಬಿನ ಮಟ್ಟಕ್ಕೆ, ಅಂದರೆ 1.6 ಮಿಲಿಮೀಟರ್‌ಗೆ ಟೈರ್ ಸವೆದಿದ್ದರೆ ಬದಲಿಸಬೇಕು. ಒಂದೇ ಅಂಚು ಸವೆದಿದ್ದರೆ ಮೊದಲು ಚಕ್ರಗಳ ಅಲೈನ್‌ಮೆಂಟ್ ನೋಡಿಸಿ, ಇಲ್ಲದಿದ್ದರೆ ಹೊಸ ಟೈರ್ ಕೂಡ ಹಾಗೇ ಸವೆಯುತ್ತದೆ.

## ಹಂತ 3: ಸ್ಟಾರ್ಟ್ ಮಾಡಿ, ಓಡಿಸಿ, ಕೇಳಿಸಿಕೊಳ್ಳಿ

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸ್ಟಾರ್ಟ್‌ಗೆ ಮೊದಲು ಬ್ಯಾಟರಿ ಅಳೆಯಿರಿ. ಚಾರ್ಜ್ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರಬೇಕು. ಓಡುವಾಗಲೂ 12ರಲ್ಲೇ ಇದ್ದರೆ ಚಾರ್ಜಿಂಗ್ ಆಗುತ್ತಿಲ್ಲ. ಆಗ ಹೊಸ ಬ್ಯಾಟರಿ ತಂದರೂ ಉಪಯೋಗ ಇಲ್ಲ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್‌ನೇಟರ್ ನೋಡಿಸಬೇಕು.

ಸೈಲೆನ್ಸರ್ ಹೊಗೆ ನೋಡಿ. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಚಳಿಯ ಬೆಳಿಗ್ಗೆ ಒಂದೆರಡು ನಿಮಿಷ ಬಿಳಿ ಆವಿ ಸಹಜ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದು ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಇಂಜಿನ್ ಒಳಗೆ ನೀರು ಹೋಗುತ್ತಿದೆ.

ಆಮೇಲೆ ಖಾಲಿ ರಸ್ತೆಯಲ್ಲಿ ಓಡಿಸಿ. ಬ್ರೇಕ್ ಒತ್ತಿದಾಗ ಒಂದು ಕಡೆ ಎಳೆಯುತ್ತದಾ? ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದಾ? ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಶಬ್ದ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋದಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟ್.

ಚೆಕ್ ಇಂಜಿನ್ ಲೈಟ್ ಹತ್ತಿದ್ದರೆ ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಕೆಲಸಕ್ಕೆ ಬರುತ್ತದೆ. ಆದರೆ ಭಾರತದಲ್ಲಿ ಓಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆ ಕಾರಿಗೆ ಅಗ್ಗದ ಸ್ಕ್ಯಾನರ್ ಹೊಂದದೇ ಇರಬಹುದು. ಕೊಳ್ಳುವ ಮುಂಚೆ ಯಾರದಾದರೂ ಒಂದನ್ನು ಹಾಕಿ ನೋಡಿ.

## ಹಂತ 4: ಕೆಲಸಗಳನ್ನು ಮೂರು ಪಾಲು ಮಾಡಿ

ನೋಟ್‌ಬುಕ್‌ನಲ್ಲಿ ಈಗ ಒಂದು ಪಟ್ಟಿ ಇದೆ. ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಬರೆಯಿರಿ: ಇದನ್ನು ನಾನು ತಪ್ಪು ಮಾಡಿದರೆ ಏನಾಗುತ್ತದೆ?

ಮೊದಲ ಪಾಲು, ತಪ್ಪಾದರೆ ಮತ್ತೆ ಬಿಚ್ಚಿ ಹಾಕಿದರೆ ಸಾಕು ಅನ್ನುವ ಕೆಲಸಗಳು. ಏರ್ ಫಿಲ್ಟರ್, ಎಸಿ ಫಿಲ್ಟರ್, ವೈಪರ್ ಬ್ಲೇಡ್, ಬಲ್ಬ್, ಫ್ಯೂಸ್, ಬ್ಯಾಟರಿ ಟರ್ಮಿನಲ್, ಟೈರ್ ಗಾಳಿ. ಇವು ನಿಮ್ಮವೇ. ಗ್ಯಾರೇಜ್‌ಗೆ ಹೋಗುವ ಅಗತ್ಯವೇ ಇಲ್ಲ.

ಎರಡನೇ ಪಾಲಿನಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ, ಜೀವಕ್ಕೆ ಅಪಾಯ ಕಡಿಮೆ. ಆಯಿಲ್ ಮತ್ತು ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲೆಂಟ್, ಗೇರ್ ಆಯಿಲ್. ಇವನ್ನು ಕಲಿಯಬಹುದು, ಆದರೆ ಜಾಗ ಮತ್ತು ಟೂಲ್ಸ್ ಸರಿ ಇದ್ದರೆ ಮಾತ್ರ.

ಮೂರನೇ ಪಾಲಿನ ಕೆಲಸದಲ್ಲಿ ತಪ್ಪಿದರೆ ನಿಮಗೋ ರಸ್ತೆಯಲ್ಲಿರುವ ಇನ್ನೊಬ್ಬರಿಗೋ ಪೆಟ್ಟಾಗುತ್ತದೆ. ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್ ಸ್ಪ್ರಿಂಗ್, ಏರ್‌ಬ್ಯಾಗ್, ಪೆಟ್ರೋಲ್ ಲೈನ್, ಎಸಿ ಗ್ಯಾಸ್, ಸಿಎನ್‌ಜಿ ಕಿಟ್, ಟೈಮಿಂಗ್ ಬೆಲ್ಟ್. ಬೆಲ್ಟ್‌ನಲ್ಲಿ ಅಪಾಯ ಇಂಜಿನ್‌ಗೆ, ಆದರೂ ಅದನ್ನು ಇಲ್ಲೇ ಇಡಿ. ಒತ್ತಿದ ಸ್ಪ್ರಿಂಗ್ ಜಾರಿದರೆ ಮೂಳೆ ಮುರಿಯುವಷ್ಟು ಬಲ ಇರುತ್ತದೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದು, ಮುಟ್ಟಬೇಡಿ. ನಿಮ್ಮದು ಡೀಸೆಲ್ ಕಾರಾದರೆ, ಕಾಮನ್ ರೈಲ್ ಇಂಜಿನ್‌ನ ಇಂಧನ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಪೈಪಿನ ಸಣ್ಣ ಸೋರಿಕೆ ಕೂಡ ಚರ್ಮ ತೂರಿ ಒಳಗೆ ಹೋಗುತ್ತದೆ.

'ಬ್ರೇಕ್ ಪ್ಯಾಡ್ ಬದಲಿಸುವುದು ಸುಲಭ ಅಲ್ವಾ?' ಅಂತ ಕೇಳುವವರು ಬಹಳ. ಬಿಚ್ಚುವುದು ಸುಲಭ ನಿಜ. ಪಿನ್ ಜಾಮ್ ಆಗಿದೆಯಾ, ಡಿಸ್ಕ್ ಎಷ್ಟು ಸವೆದಿದೆ, ಸೀಲ್ ಸೋರುತ್ತಿದೆಯಾ ಅಂತ ಗುರುತಿಸುವುದೇ ಕಷ್ಟ. ಅದು ಅನುಭವದಿಂದ ಬರುವ ಕಣ್ಣು. ಮೊದಲ ಎರಡು ಪಾಲು ಕೈಗೆ ಹತ್ತುವವರೆಗೆ ಬ್ರೇಕ್ ಮುಟ್ಟಬೇಡಿ. ಮೆಕ್ಯಾನಿಕ್ ಮಾಡುವಾಗ ಪಕ್ಕ ನಿಂತು ನೋಡಿ.

## ಹಂತ 5: ನಿಜವಾಗಿ ದುಡ್ಡು ಉಳಿಯುತ್ತದಾ ಲೆಕ್ಕ ಹಾಕಿ

ವಿದೇಶದ ವಿಡಿಯೋ ನೋಡಿ ಲೆಕ್ಕ ಹಾಕಿದವರು ಇಲ್ಲಿ ಮೋಸ ಹೋಗುತ್ತಾರೆ. ಅಲ್ಲಿ ಕೂಲಿ ದುಬಾರಿ, ಹಾಗಾಗಿ ಮನೆಯಲ್ಲಿ ಮಾಡಿದರೆ ದೊಡ್ಡ ಉಳಿತಾಯ. ನಮ್ಮಲ್ಲಿ ಸಣ್ಣ ಕಾರಿನ ಮಾಮೂಲಿ ಸರ್ವೀಸಿನಲ್ಲಿ ಪಾರ್ಟ್ಸ್ ಮತ್ತು ಆಯಿಲ್ ಖರ್ಚೇ ಮುಖ್ಯ. ಬಡಾವಣೆಯ ಗ್ಯಾರೇಜಿನ ಕೂಲಿ ಅಷ್ಟೇನೂ ದೊಡ್ಡದಲ್ಲ.

ಹಳೆ ಬಿಲ್ ತೆಗೆದು ಮೂರು ಬಣ್ಣದಲ್ಲಿ ಗೆರೆ ಎಳೆಯಿರಿ. ಪಾರ್ಟ್ಸ್ ಒಂದು, ಕೂಲಿ ಒಂದು, ಮ್ಯಾನುಯಲ್‌ನಲ್ಲಿ ಇಲ್ಲದ 'ಎಕ್ಸ್‌ಟ್ರಾ' ಒಂದು. ಇಂಜಿನ್ ಫ್ಲಶ್, ಇಂಜಿನ್ ಕೋಟಿಂಗ್, ಎಸಿ ಸುವಾಸನೆ ಸ್ಪ್ರೇ ಇಂಥವು ಮೂರನೇ ಬಣ್ಣಕ್ಕೆ ಬರುತ್ತವೆ. ಮೂರನೇ ಬಣ್ಣ ಜಾಸ್ತಿ ಇದ್ದರೆ ಮೈಕೈಗೆ ಗ್ರೀಸ್ ಹಚ್ಚಿಕೊಳ್ಳದೆಯೂ ಬಿಲ್ ಇಳಿಸಬಹುದು. ಬೇಡ ಅಂದರೆ ಆಯಿತು. ಕೂಲಿ ನಿಜಕ್ಕೂ ಜಾಸ್ತಿ ಇದ್ದರೆ ಅದನ್ನು ಟೂಲ್ಸ್ ಖರ್ಚಿನ ಜೊತೆ ಹೋಲಿಸಿ. ಹೆಚ್ಚಿನವರಿಗೆ ಟೂಲ್ಸ್ ದುಡ್ಡು ಮೊದಲ ಸರ್ವೀಸಿನಲ್ಲಿ ವಾಪಸ್ ಬರುವುದಿಲ್ಲ.

ಹಾಗಾದರೆ ಯಾಕೆ ಮಾಡಬೇಕು? ಹಳೆ ಕಾರಿನ ರೋಗ ಸಣ್ಣದಿದ್ದಾಗಲೇ ಕಣ್ಣಿಗೆ ಬೀಳುವುದು ಮುಖ್ಯ. ತಿಂಗಳಿಗೊಮ್ಮೆ ಬಾನೆಟ್ ಎತ್ತುವವರು ಹೋಸ್ ಬಿರುಕನ್ನು ಮೊದಲೇ ನೋಡುತ್ತಾರೆ. ಎತ್ತದವರಿಗೆ ಅದು ಗೊತ್ತಾಗುವುದು ಚಾರ್ಮಾಡಿ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದಾಗ.

## ಹಂತ 6: ಜಾಗ ಮತ್ತು ಟೂಲ್ಸ್

ಗಟ್ಟಿ, ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಮಣ್ಣು, ಇಳಿಜಾರು, ಬಿಸಿಲಿಗೆ ಮೆತ್ತಗಾದ ಡಾಂಬರು ಆಗುವುದಿಲ್ಲ. ಅಪಾರ್ಟ್‌ಮೆಂಟ್ ಆದರೆ ಸಂಘದ ಅನುಮತಿ ಮೊದಲೇ ಕೇಳಿ. ಜಾಗ ಇಲ್ಲದವರು ಎರಡನೇ ಪಾಲಿನಲ್ಲಿ ಕಾರಿನ ಅಡಿಗೆ ಹೋಗಬೇಕಾದ ಕೆಲಸ ಬಿಟ್ಟುಬಿಡಿ. ಬಾನೆಟ್ ಮೇಲಿಂದಲೇ ಆಗುವ ಕೆಲಸ ಬೇಕಾದಷ್ಟಿದೆ.

ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದನ್ನು ನಂಬಿ ಕಾರಿನ ಅಡಿಗೆ ಹೋಗಬೇಡಿ. ಕೈ ಕೂಡ ಹಾಕಬೇಡಿ. ಟ್ರಾಲಿ ಜಾಕ್‌ನಿಂದ ಎತ್ತಿ, ಮ್ಯಾನುಯಲ್ ತೋರಿಸಿದ ಜಾಗದಲ್ಲಿ ಎರಡು ಜಾಕ್ ಸ್ಟ್ಯಾಂಡ್ ಇಟ್ಟು, ಕಾರನ್ನು ಅದರ ಮೇಲೆ ಇಳಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ. ಹಾಲೋ ಬ್ಲಾಕ್, ಇಟ್ಟಿಗೆ ಯಾವತ್ತೂ ಇಡಬಾರದು. ಅವು ಯಾವ ಸೂಚನೆಯೂ ಕೊಡದೆ ಒಮ್ಮೆಲೇ ಪುಡಿಯಾಗುತ್ತವೆ.

ಉಳಿದಂತೆ ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ಅಳೆಯುವುದು), ಫಿಲ್ಟರ್ ಬಿಚ್ಚುವ ರೆಂಚ್, ಪ್ಲಗ್ ಸಾಕೆಟ್, ಅಗಲದ ಟ್ರೇ, ಫನಲ್, ಕೈಗವಸು, ಕಣ್ಣಿಗೆ ಕನ್ನಡಕ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆಯಲ್ಲಿ ಇವೆಲ್ಲ ಸಿಗುತ್ತವೆ. ತುದಿ ತೆರೆದ ಓಪನ್ ಸ್ಪ್ಯಾನರ್‌ನಿಂದ ಬಿಗಿ ಬೋಲ್ಟ್ ಬಿಚ್ಚಲು ಹೋಗಬೇಡಿ. ಮೂಲೆ ಸವೆದು ಬೋಲ್ಟ್ ತಲೆ ದುಂಡಾಗುತ್ತದೆ. ಹಳೆ ಕಾರು ಕೆಡುವುದಕ್ಕಿಂತ ಹೆಚ್ಚಾಗಿ ಹೀಗೆ ಕೆಡಿಸಲ್ಪಡುತ್ತದೆ.

## ಹಂತ 7: ಪಾರ್ಟ್ಸ್ ಕೊಳ್ಳುವುದು

ಹಳೆ ಪಾರ್ಟ್‌ನ ಫೋಟೊ, ಚಾಸಿ ನಂಬರ್, ತಯಾರಾದ ವರ್ಷ ಇಟ್ಟುಕೊಂಡು ಹೋಗಿ. ಬೆಂಗಳೂರಿನ ಜೆಸಿ ರಸ್ತೆಯಂಥ ದೊಡ್ಡ ಮಾರುಕಟ್ಟೆಯಲ್ಲಿ ಅಸಲಿ, ಬೇರೆ ಕಂಪನಿಯದು, ನಕಲಿ ಮೂರೂ ಇರುತ್ತವೆ. ಪ್ಯಾಕಿನ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ, ತಯಾರಿಕೆಯ ತಿಂಗಳು ನೋಡಿ. ಬಿಲ್ ಕೊಡದ ಅಂಗಡಿಯಲ್ಲಿ ಆಯಿಲ್ ಮತ್ತು ಫಿಲ್ಟರ್ ಕೊಳ್ಳಬೇಡಿ. ಡ್ರೈನ್ ಬೋಲ್ಟಿನ ವಾಷರ್ ಮರೆಯಬೇಡಿ. ತೀರಾ ಅಗ್ಗದ ವಸ್ತು, ಆದರೆ ಹಳೆಯದನ್ನೇ ಹಾಕಿದರೆ ಹನಿ ಹನಿ ಸೋರುತ್ತದೆ.

## ಹಂತ 8: ಮೊದಲ ಕೆಲಸ ಸಣ್ಣದಿರಲಿ

ಏರ್ ಫಿಲ್ಟರ್‌ನಿಂದ ಶುರು ಮಾಡಿ. ಅದರ ಡಬ್ಬಿಯ ಕ್ಲಿಪ್‌ಗಳು ಹತ್ತು ಹದಿನೈದು ವರ್ಷ ಇಂಜಿನ್ ಶಾಖ ತಿಂದು ಬಿಸ್ಕತ್ತಿನ ಥರ ಆಗಿರುತ್ತವೆ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಹೆಬ್ಬೆರಳಿನಿಂದ ನಿಧಾನ ಒತ್ತಿ ಬಿಡಿಸಿ. ಪಟ್ ಅಂತ ಮುರಿದರೆ ಡಬ್ಬಿ ಸರಿಯಾಗಿ ಮುಚ್ಚುವುದಿಲ್ಲ, ಧೂಳು ಫಿಲ್ಟರ್ ತಪ್ಪಿಸಿ ನೇರ ಇಂಜಿನ್‌ಗೆ ಹೋಗುತ್ತದೆ.

ಬ್ಯಾಟರಿ ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಸ್ಪಾರ್ಕ್ ಪ್ಲಗ್ ಬಿಚ್ಚುವುದು ತಣ್ಣಗಿನ ಇಂಜಿನ್‌ನಲ್ಲೇ. ಒಂದು ಬಿಚ್ಚಿ, ಹಾಕಿ, ಆಮೇಲೆ ಮುಂದಿನದು. ಹೊಸ ಪ್ಲಗ್‌ನ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ತಡೆ ಸಿಕ್ಕಿತು ಅಂದರೆ ಥ್ರೆಡ್ ಓರೆಯಾಗಿದೆ, ವಾಪಸ್ ತೆಗೆಯಿರಿ. ಅಲ್ಯೂಮಿನಿಯಂ ಹೆಡ್‌ಗೆ ಸ್ಪ್ಯಾನರ್ ಬಲ ಹಾಕಿದರೆ ಗೆಲ್ಲುವುದು ಸ್ಪ್ಯಾನರೇ. ತೆಗೆದ ಪ್ಲಗ್‌ನ ತುದಿ ತೆಳು ಕಂದು ಬಣ್ಣದಲ್ಲಿದ್ದರೆ ಒಳ್ಳೆಯದು. ಒದ್ದೆ ಕಪ್ಪು ಜಿಡ್ಡು ಇದ್ದರೆ ಆ ಸಿಲಿಂಡರಿಗೆ ಆಯಿಲ್ ಬರುತ್ತಿದೆ. ಯಾವ ಸಿಲಿಂಡರ್ ಅಂತ ಬರೆದಿಡಿ, ಮೆಕ್ಯಾನಿಕ್‌ಗೆ ಈ ಮಾಹಿತಿ ಬೇಕಾಗುತ್ತದೆ.

## ಹಂತ 9: ಆಯಿಲ್ ಚೇಂಜ್

1. ಇಂಜಿನ್ ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಿ. ಆಯಿಲ್ ಬೆಚ್ಚಗಿರಬೇಕು, ಸುಡಬಾರದು.

2. ಹಂತ 6ರಂತೆ ಕಾರು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಮೇಲಿನ ಆಯಿಲ್ ಮುಚ್ಚಳ ಸಡಿಲಿಸಿ.

3. ಬಿಚ್ಚುತ್ತಿರುವುದು ಇಂಜಿನ್ ಡ್ರೈನ್ ಬೋಲ್ಟ್ ಹೌದಾ ಅಂತ ಎರಡು ಸಲ ಖಚಿತ ಮಾಡಿಕೊಳ್ಳಿ. ಪಕ್ಕದ ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚಿ ಗೇರ್ ಆಯಿಲ್ ಖಾಲಿ ಮಾಡಿ, ಇಂಜಿನ್‌ಗೆ ಡಬಲ್ ಆಯಿಲ್ ತುಂಬಿದವರು ಸಾಕಷ್ಟಿದ್ದಾರೆ.

4. ಆಯಿಲ್ ಪೂರ್ತಿ ಇಳಿಯಲಿ. ಹೊಸ ವಾಷರ್ ಹಾಕಿ, ಬೋಲ್ಟನ್ನು ಕೈಯಿಂದ ತಿರುಗಿಸಿ, ಕೊನೆಗೆ ಮ್ಯಾನುಯಲ್ ಹೇಳಿದಷ್ಟೇ ಟಾರ್ಕ್ ಕೊಡಿ. 'ಇನ್ನೊಂದು ಸ್ವಲ್ಪ ಟೈಟ್ ಇರಲಿ' ಅನ್ನುವ ಕೊನೆಯ ಎಳೆತದಲ್ಲೇ ಥ್ರೆಡ್ ಹೋಗುವುದು.

5. ಫಿಲ್ಟರ್ ಬಿಚ್ಚಿ. ಹಳೆ ಫಿಲ್ಟರ್‌ನ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯಾ ನೋಡಿ. ಎಷ್ಟೋ ಸಲ ಅದು ಇಂಜಿನ್‌ಗೆ ಅಂಟಿಕೊಂಡು ಉಳಿಯುತ್ತದೆ. ಕಪ್ಪಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿ ನೋಡಬೇಕು. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಆಗಿ, ಒತ್ತಡ ಬಿದ್ದ ಕೂಡಲೇ ಆಯಿಲ್ ಚಿಮ್ಮುತ್ತದೆ.

6. ಹೊಸ ರಿಂಗ್‌ಗೆ ಹೊಸ ಆಯಿಲ್ ಸವರಿ. ರಿಂಗ್ ತಾಗಿದ ಮೇಲೆ ಕೈಯಲ್ಲೇ ಸುಮಾರು ಮುಕ್ಕಾಲು ಸುತ್ತು. ಎಷ್ಟು ಸುತ್ತು ಅಂತ ಫಿಲ್ಟರ್ ಡಬ್ಬಿಯ ಮೇಲೂ ಬರೆದಿರುತ್ತದೆ. ರೆಂಚ್ ಬಿಚ್ಚಲು ಮಾತ್ರ.

7. ಮ್ಯಾನುಯಲ್ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಆಯಿಲ್ ಹಾಕಿ. ಸಣ್ಣ ಕಾರಿಗೆ 3 ಲೀಟರ್ ಆಸುಪಾಸು ಸಾಕಾಗುತ್ತದೆ. ಡಬ್ಬದಲ್ಲಿ ಉಳಿದಿದೆ ಅಂತ ಪೂರ್ತಿ ಸುರಿಯಬಾರದು.

8. ಸ್ಟಾರ್ಟ್ ಮಾಡಿ. ಕೆಂಪು ಆಯಿಲ್ ಲೈಟ್ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ. ಆರಿದರೆ ಒಂದು ನಿಮಿಷ ಓಡಿಸಿ, ಕೆಳಗೆ ಸೋರಿಕೆ ನೋಡಿ. ಆಮೇಲೆ ಕಾರು ಇಳಿಸಿ, ಹತ್ತು ನಿಮಿಷ ಬಿಟ್ಟು ಡಿಪ್ ಸ್ಟಿಕ್ ನೋಡಿ, ಬೇಕಾದಷ್ಟು ಸೇರಿಸಿ.

ಗೇರ್ ಆಯಿಲ್ ಬದಲಿಸುವವರಿಗೆ ಒಂದು ಮಾತು. ತುಂಬುವ ಬೋಲ್ಟ್ ಬಿಚ್ಚಲು ಬರುತ್ತದಾ ಅಂತ ಮೊದಲು ಪರೀಕ್ಷಿಸಿ, ಆಮೇಲೆ ಇಳಿಸುವ ಬೋಲ್ಟ್ ಮುಟ್ಟಿ. ಇಳಿಸಿದ ಮೇಲೆ ತುಂಬುವ ಬೋಲ್ಟ್ ಹಿಡಿದುಕೊಂಡರೆ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜ್‌ಗೆ ಹೋಗಲೂ ಆಗುವುದಿಲ್ಲ.

ಹಳೆ ಆಯಿಲ್ ಮೋರಿಗೆ, ಮಣ್ಣಿಗೆ ಸುರಿಯಬೇಡಿ. ಅದು ಬಾವಿ ನೀರಿಗೆ ಸೇರುತ್ತದೆ. ಖಾಲಿ ಡಬ್ಬಕ್ಕೆ ತುಂಬಿ ಬಿಗಿಯಾಗಿ ಮುಚ್ಚಿ, ಬಳಸಿದ ಆಯಿಲ್ ಬ್ಯಾರೆಲ್ ಇಟ್ಟಿರುವ ಸರ್ವೀಸ್ ಸೆಂಟರಿಗೆ ಕೊಡಿ. ತೆಗೆದುಕೊಳ್ಳುತ್ತಾರಾ ಅಂತ ಕೆಲಸ ಶುರು ಮಾಡುವ ಮೊದಲೇ ಕೇಳಿಡಿ.

## ಹಂತ 10: ಎಲ್ಲಿ ಕೈ ಬಿಡಬೇಕು

ಶನಿವಾರ ಬೆಳಿಗ್ಗೆ ಶುರು ಮಾಡಿ, ಭಾನುವಾರ ಬೇಡ. ಭಾನುವಾರ ಬಹುತೇಕ ಸ್ಪೇರ್ ಪಾರ್ಟ್ಸ್ ಅಂಗಡಿ ಮುಚ್ಚಿರುತ್ತವೆ. ತುಕ್ಕು ಹಿಡಿದ ಬೋಲ್ಟ್ ಇದ್ದರೆ ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಥರದ ಸ್ಪ್ರೇ ಹೊಡೆದಿಡಿ.

ಬೋಲ್ಟ್ ತಿರುಗುತ್ತಿದೆ ಆದರೆ ಹೊರಗೆ ಬರುತ್ತಿಲ್ಲ, ಸ್ಪ್ಯಾನರ್ ಜಾರಲು ಶುರುವಾಯಿತು, ಬಿಚ್ಚಿದ ಜಾಗದಲ್ಲಿ ಅಲ್ಯೂಮಿನಿಯಂ ಚೂರು ಬಂತು, ಇಳಿದ ಆಯಿಲ್‌ನಲ್ಲಿ ಲೋಹದ ಮಿನುಗು ಕಂಡಿತು, ಕೈಯಲ್ಲಿ ಒಂದು ಬೋಲ್ಟ್ ಜಾಸ್ತಿ ಉಳಿಯಿತು. ಇವುಗಳಲ್ಲಿ ಒಂದಾದರೂ ಅಲ್ಲೇ ನಿಲ್ಲಿಸಿ. ಸುತ್ತಿಗೆ ತೆಗೆದುಕೊಳ್ಳಬೇಡಿ, ಉದ್ದದ ಪೈಪ್ ಸಿಕ್ಕಿಸಬೇಡಿ. ಸ್ವಲ್ಪ ಕೆಟ್ಟ ಥ್ರೆಡ್‌ಗೆ ಲೇತ್ ಅಂಗಡಿಯಲ್ಲಿ ಪರಿಹಾರ ಇದೆ. ಒಳಗೇ ಮುರಿದ ಬೋಲ್ಟ್‌ಗೆ ಖರ್ಚು ಬೇರೆಯೇ.

ಮೆಕ್ಯಾನಿಕ್‌ಗೆ ಫೋನ್ ಮಾಡಿ, ಏನೇನು ಬಿಚ್ಚಿದ್ದೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಮುಚ್ಚಿಡದೆ ಹೇಳಿ. ಫೋಟೊ ಕಳಿಸಿ. ಬಿಚ್ಚಿದ ಬೋಲ್ಟ್‌ಗಳನ್ನು ಒಂದೊಂದು ಕವರಿಗೆ ಹಾಕಿ ಯಾವುದು ಎಲ್ಲಿಯದು ಅಂತ ಬರೆದಿಡಿ. ಅರ್ಧ ಬಿಚ್ಚಿದ ಕಾರನ್ನು ಅಂದಾಜಿನ ಮೇಲೆ ಜೋಡಿಸಿ ಗ್ಯಾರೇಜ್‌ವರೆಗೆ ಓಡಿಸಬೇಡಿ, ಅವರೇ ಬರಲಿ ಅಥವಾ ಟೋ ಮಾಡಿಸಿ.